ಸೊನ್ನೆ ಬರೆಯಬಾರದ ಚೌಕ

ಅವರಿಬ್ಬರ ಮೊದಲ ಭೇಟಿಯೇ ಜಗಳ.

"ಈ ನಕ್ಷೆಗೆ ಚೌಕ ಗೀಚಿದ್ದು ಯಾರ್ರೀ?" ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡೇ ಪೈಲಟ್ ಕೋಣೆಗೆ ನುಗ್ಗಿದ್ದ. ಕೋಪ ಮೂಗಿನ ತುದಿಯಲ್ಲಿತ್ತು. "ಬೆಳಗ್ಗೆಯಿಂದ ಬರೀ ನೀರು ನೋಡಿ ಬಂದೆ. ಒಂದು ನರಪಿಳ್ಳೆ ಇಲ್ಲ."

"ನಾನೇ," ಎಂದಳು ಅವಳು, ಪೆನ್ಸಿಲ್ ಕೆಳಗಿಡದೆ. "ಅಲ್ಲಿಲ್ಲ ಅಂತ ಗೊತ್ತಾಯ್ತಲ್ಲ, ಅದೂ ಲಾಭವೇ. ಪಕ್ಕದ ಚೌಕದ ಮೇಲೆ ಆಸೆ ಹೆಚ್ಚಾಯ್ತು."

ಕಡಲಿಗೆ ಬಿದ್ದವರು ಯಾವ ಚೌಕದಲ್ಲಿ ಸಿಗುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕಿ ನಕ್ಷೆಯ ಮೇಲೆ ಬರೆಯುವುದು ಅವಳ ಕೆಲಸ. ವಿಮಾನ ಹುಡುಕಿ ಬರಿಗೈಯಲ್ಲಿ ಬಂದರೆ ಆ ಚೌಕದ ಅಂಕಿ ಇಳಿಸಿ, ಉಳಿದವುಗಳದ್ದು ಏರಿಸುತ್ತಿದ್ದಳು.

"ಹುಡುಕಿ ಆಯ್ತಲ್ಲ, ಸೊನ್ನೆ ಬರೀರಿ ಮತ್ತೆ."

"ಸೊನ್ನೆ ಮಾತ್ರ ಬರೆಯೋ ಹಾಗಿಲ್ಲ. ನಿಮ್ಮ ಕಣ್ಣು ತಪ್ಪಿರಬಹುದು. ಒಮ್ಮೆ ಸೊನ್ನೆ ಬರೆದ್ರೆ, ಆಮೇಲೆ ಏನೇ ಸುದ್ದಿ ಬಂದು ಎಷ್ಟರಿಂದ ಗುಣಿಸಿದ್ರೂ ಅದು ಮೇಲೇಳಲ್ಲ."

ಪೈಲಟ್ ಅವಳನ್ನೇ ನೋಡಿದ. ಕೋಪ ಎಲ್ಲಿಗೆ ಹೋಯಿತೋ, ಅವನಿಗೇ ತಿಳಿಯಲಿಲ್ಲ.

"ನನ್ನ ಕಣ್ಣು ತಪ್ಪಲ್ಲ, ಲೆಕ್ಕದಮ್ಮ. ನಿಮ್ಮ ಎಡಗೆನ್ನೆಗೆ ಪೆನ್ಸಿಲ್ ಕಪ್ಪು ಮೆತ್ತಿದೆ."

ಒರೆಸಿಕೊಂಡಳು. ಬಲಗೆನ್ನೆಯನ್ನು! ಅವನು ನಕ್ಕ. ಅಂದಿನಿಂದ ಲೆಕ್ಕದಮ್ಮ ಎಂಬ ಹೆಸರೇ ಅವಳಿಗೆ ನಿಂತುಹೋಯಿತು.

ಯುದ್ಧಕ್ಕೆ ಮುಂಚೆ ಅವಳ ಸಂಶೋಧನೆಯನ್ನು ಮೂಸಿ ನೋಡುವವರೂ ಇರಲಿಲ್ಲ. ಈಗ ಸೇನೆಯವರು ಕೋಣೆ, ಟೆಲಿಫೋನ್, ಗೋಡೆಯಷ್ಟು ದೊಡ್ಡ ನಕ್ಷೆ ಎಲ್ಲ ಕೊಟ್ಟಿದ್ದರು. ಪಕ್ಕದ ಕೋಣೆಯವರು ಅವಳದೇ ಸೂತ್ರ ಹಿಡಿದು ಶತ್ರುವಿನ ಹಡಗುಗಳನ್ನು ಹುಡುಕುತ್ತಿದ್ದರು, ಮುಳುಗಿಸಲು. ಅಲ್ಲಿ ಚಪ್ಪಾಳೆ ಕೇಳಿದ ದಿನ ಅವಳಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಗೆಲ್ಲ ಪೈಲಟ್ ಕ್ಯಾಂಟೀನಿನಲ್ಲಿ ಎದುರು ಕೂತು, ತಾನೂ ಊಟ ಮುಟ್ಟದೆ ಹಠ ಹಿಡಿಯುತ್ತಿದ್ದ.

"ನನ್ನನ್ನ ಉಪವಾಸ ಕೆಡವಿದ ಪಾಪ ಬೇರೆ ಬೇಕಾ ನಿಮಗೆ?"

ಒಂದು ತುತ್ತು ತಿನ್ನುತ್ತಿದ್ದಳು. ಅವನಿಗಾಗಿ.

"ನನ್ನ ಎಂಜಿನ್ ಕೈಕೊಟ್ರೆ ಎಲ್ಲಿ ಹುಡುಕ್ತೀರಿ?" ಎಂದು ಒಂದು ದಿನ ಕೇಳಿದ.

"ಬಿಡ್ತು ಅನ್ನಿ ಮೊದಲು!"

"ಬಿಡ್ತು. ಕೇಳಿ ಇಲ್ಲಿ, ಎಲ್ಲರೂ ದಡದ ಕಡೆ ತಿರುಗಿಸಿ, ಎದುರುಗಾಳಿಗೆ ಸಿಕ್ಕಿ ಅರ್ಧದಾರೀಲಿ ಬೀಳ್ತಾರೆ. ನಾನು ಗಾಳಿ ಹೋದ ಕಡೆ ಹೋಗಿ ಕಡಲ ನಡುವಿನ ಕಪ್ಪು ಬಂಡೆಗಳ ಹತ್ರ ಇಳಿಸ್ತೀನಿ. ನೀವೊಬ್ರೇ ಬನ್ನಿ, ಮಾತಾಡೋದಿದೆ."

"ಏನು ಮಾತು?"

"ನಮ್ಮಕ್ಕನಿಗೆ ಹೇಳಿ ಆಗಿದೆ. ನಿಮಗೇ ಬಾಕಿ. ನಿಮ್ಮ ಲೆಕ್ಕದಲ್ಲಿ ನನಗೆಷ್ಟು ಆಸೆ ಇದೆ?"

"ಸೊನ್ನೆಯಂತೂ ಅಲ್ಲ," ಎಂದು ತಟ್ಟೆ ಎತ್ತಿಕೊಂಡು ಎದ್ದಳು. ಕಿವಿ ಕೆಂಪಾದದ್ದನ್ನು ಅವನು ನೋಡಿಬಿಟ್ಟಿದ್ದ.

ಆಡಿದ ಮಾತು ನಿಜವಾಯಿತು. ಆ ವಾರವೇ ಅವನ ವಿಮಾನ ಮರಳಲಿಲ್ಲ.

ಅವಳು ಚೌಕ ಎಳೆದಳು, ಅಂಕಿ ಬರೆದಳು. ವಿಮಾನಗಳು ದಡದ ಕಡೆಯ ನೀರನ್ನೆಲ್ಲ ಜಾಲಾಡಿ ಬರಿಗೈಯಲ್ಲಿ ಬಂದವು. ಅವನ ಅಕ್ಕ ಮತ್ತೆ ಮತ್ತೆ ಫೋನ್ ಮಾಡಿ, "ಏನಾದ್ರೂ ಗೊತ್ತಾಯ್ತೇನಮ್ಮಾ?" ಎನ್ನುತ್ತಿದ್ದಳು. ಮರುದಿನ ಸಂಜೆ ಮೇಷ್ಟ್ರು ಬಂದರು. ಅವಳಿಗೆ ಗಣಿತ ಕಲಿಸಿದವರು, ಈಗ ಇಲ್ಲಿಯ ಮುಖ್ಯಸ್ಥರು.

"ನಾಳೆಯಿಂದ ವಿಮಾನಗಳು ಪಕ್ಕದ ಕೋಣೆಗಂತೆ. ಹಡಗೊಂದರ ಸುಳಿವು ಸಿಕ್ಕಿದೆ," ಎನ್ನುತ್ತ ನಕ್ಷೆಯ ಕಡೆ ತಿರುಗಿದವರು ಅಲ್ಲೇ ನಿಂತರು. ಕಪ್ಪು ಬಂಡೆಗಳ ಚೌಕದಲ್ಲಿ ಸೊನ್ನೆಯಿತ್ತು.

"ಇದೇನಮ್ಮ? ಹುಡುಕದೇ ಇರೋ ಚೌಕಕ್ಕೆ ಸೊನ್ನೆ? ಅದೂ ನೀನು?"

"ಮನಸ್ಸು ಅವರು ಅಲ್ಲೇ ಇದಾರೆ ಅನ್ನುತ್ತೆ ಸರ್. ಅದಕ್ಕೇ ಅಂಕಿ ಅಳಿಸಿ ಸೊನ್ನೆ ಬರೆದೆ. ನನ್ನ ಪ್ರೀತಿ ಲೆಕ್ಕ ಕೆಡಿಸಬಾರದು ಅಂತ." ಪ್ರೀತಿ ಎಂಬ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

"ಮನಸ್ಸು ಯಾಕೆ ಹಾಗನ್ನುತ್ತೆ?"

ಕ್ಯಾಂಟೀನಿನ ಮಾತನ್ನೆಲ್ಲ ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದರು.

"ಹುಚ್ಚಿ! ಬೇರೆ ಪೈಲಟ್ ಬಂದು ಇದನ್ನೇ ಹೇಳಿದ್ರೆ ಬರ್ಕೋತಿದ್ಯಾ ಇಲ್ವಾ?"

"ಬರ್ಕೋತಿದ್ದೆ."

"ಮತ್ತೆ? ಪ್ರೀತಿಸೋನು ಹೇಳಿದ ಅಂತ ಮಾಹಿತಿ ಮಾಹಿತಿಯಲ್ಲದೆ ಹೋಗುತ್ತಾ? ಅಳಿಸು ಅದನ್ನ. ನಾಳೆ ಮಧ್ಯಾಹ್ನದವರೆಗೆ ವಿಮಾನ ಕೊಡಿಸೋದು ನನಗಿರಲಿ."

ಅವಳು ಸೊನ್ನೆ ಅಳಿಸಿ, ಅಲ್ಲಿ ನಕ್ಷೆಯಲ್ಲೇ ಎಲ್ಲಕ್ಕಿಂತ ದೊಡ್ಡ ಅಂಕಿ ಬರೆದಳು. ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡಿದ್ದ ರಬ್ಬರ್ ದೋಣಿ ಮರುದಿನ ಹೊತ್ತೇರುವ ಮೊದಲೇ ಕಣ್ಣಿಗೆ ಬಿತ್ತು.

ಆಸ್ಪತ್ರೆಯ ಮಂಚದಲ್ಲಿ ಅವನ ತುಟಿ ಒಡೆದಿತ್ತು. ಕಣ್ಣಿನ ತುಂಟತನ ಮಾತ್ರ ಹಾಗೇ ಇತ್ತು.

"ಒಬ್ರೇ ಬನ್ನಿ ಅಂದ್ರೆ ದಂಡನ್ನೇ ಕಳಿಸೋದಾ?"

"ನಿಮ್ಮ ಚೌಕಕ್ಕೆ ಸೊನ್ನೆ ಬರೆದಿದ್ದೆ ನಾನು," ಎಂದು ಅವಳು ಬಿಕ್ಕಿದಳು. "ನನ್ನ ಮನಸ್ಸಲ್ಲಿ ನೀವಿದ್ದೀರಿ ಅಂತ ಹೆದರಿ, ನಿಮ್ಮನ್ನೇ ಕಳ್ಕೋತಿದ್ದೆ."

ಅವನು ಅವಳ ಕೈಯನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡ. "ಮನಸ್ಸಲ್ಲಿ ಇದೀನಾ? ಹಾಗಾದ್ರೆ ನಾನು ಆಡಬೇಕಾಗಿದ್ದ ಮಾತು ನೀವೇ ಆಡಿಬಿಟ್ರಿ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ವಿಮಾನಗಳು ಬಂಡೆಗಳ ಮೇಲಿದ್ದ ಹೊತ್ತಿನಲ್ಲಿ ಪಕ್ಕದ ಕೋಣೆಯವರ ಹಡಗು ತಪ್ಪಿಸಿಕೊಂಡಿತೆಂದೂ, ಮೇಷ್ಟ್ರಿಗೆ ಮಂಗಳಾರತಿ ಆಯಿತೆಂದೂ ಹೇಳಿದಳು.

"ಅದರಲ್ಲೂ ಯಾವ ಅಕ್ಕನ ತಮ್ಮ ಇದ್ದನೋ," ಎಂದ ಪೈಲಟ್.

ನರ್ಸ್ ಅವನಿಗೆ ಗಂಜಿ ತಂದಿಟ್ಟು ಹೋದಳು. ಲೆಕ್ಕದಮ್ಮ ಚಮಚದಲ್ಲಿ ಅವನಿಗೊಂದು ಗುಟುಕು ಕುಡಿಸಿದಳು. ಅವನು ಎರಡನೆಯದಕ್ಕೆ ಬಾಯಿ ತೆರೆಯದೆ ಅವಳನ್ನೇ ನೋಡುತ್ತ ಕೂತ. ಅವಳಿಗೆ ಅರ್ಥವಾಯಿತು. ಅಂದು ಇಬ್ಬರೂ ಒಂದೇ ಬಟ್ಟಲಿನಲ್ಲಿ ಹೊಟ್ಟೆ ತುಂಬ ಉಂಡರು.