ಎಡಗಡೆಯ ಪುಟದಲ್ಲಿ ಅವನ ಹೆಸರು

"ಜೀವ ಅದ ಏನ್ರೀ, ಬಾಯಿ?"

ಭುವನೇಶ್ವರಿ ತಲೆ ಎತ್ತಲಿಲ್ಲ. ದಾಳಿಂಬದ ಕೆರೆಯ ಅರೆ ಒಣಗಿದ ಕೆಸರಿನ ಮೇಲೆ ಹಲಗೆ ಹಾಸಿ, ಅದರ ಮೇಲೆ ಬೋರಲು ಮಲಗಿ, ಮೊಣಕೈವರೆಗೆ ಕೈ ಇಳಿಸಿದ್ದಳು. ಬೆರಳ ತುದಿಗೆ ನುಣುಪಾದದ್ದೇನೋ ತಗುಲಿತ್ತು. ಈಗ ಅಲುಗಿದರೆ ಅದು ಇನ್ನೂ ಆಳಕ್ಕೆ ಜಾರುತ್ತದೆ...

"ಖರೇನೇ ಹೋಗ್ಯಾರೋ ಏನೋ."

ಟ್ರ್ಯಾಕ್ಟರ್ ನಿಂತ ಸದ್ದು. ಮರುಕ್ಷಣ ಯಾರೋ ಹಲಗೆಯ ಮೇಲೆ ಕಾಲಿಟ್ಟರು. ಹಲಗೆ ವಾಲಿತು. ಅವಳ ಮುಖ ನೇರ ಕೆಸರಿಗೆ ಹೋಯಿತು!

ಒಂದು ಗಟ್ಟಿ ಕೈ ಅವಳ ತೋಳು ಹಿಡಿದು ಎತ್ತಿ ಕೂರಿಸಿತು.

"ಬಿಡ್ರಿ. ಸತ್ತಿಲ್ಲ ನಾ," ಎಂದಳು ಕಣ್ಣು ಒರೆಸಿಕೊಳ್ಳುತ್ತ.

"ಅದೂ ಸತ್ತಿಲ್ಲ ಕಾಣ್ತದ," ಎಂದು ಅವನು ಅವಳ ಇನ್ನೊಂದು ಕೈ ತೋರಿಸಿದ. ಅಷ್ಟೆಲ್ಲ ಆದರೂ ಅವಳು ಆಮೆಯನ್ನು ಬಿಟ್ಟಿರಲಿಲ್ಲ.

ಅವನ ಹೆಸರು ಗುರುಲಿಂಗ. ಕೆರೆಯ ಪಕ್ಕದ ತೊಗರಿ ಹೊಲ ಅವನದು. ಇವಳು ಭಾಲ್ಕಿ ಕಡೆಯವಳು, ಉದಗೀರದಲ್ಲಿ ವೆಟರ್ನರಿ ನಾಲ್ಕನೇ ವರ್ಷ ಓದುತ್ತಿದ್ದಳು. ಉಮರ್ಗಾದ ಸೋದರತ್ತೆಯ ಮನೆಯಲ್ಲಿದ್ದುಕೊಂಡು ದಿನಾ ಬೆಳಿಗ್ಗೆ ಶೇರ್ ಆಟೋದಲ್ಲಿ ಕೆರೆಗೆ ಬರುತ್ತಿದ್ದಳು. ಬೇಸಿಗೆಯಲ್ಲಿ ಈ ಕೆರೆಯ ಆಮೆಗಳು ಕೆಸರಿನಾಳಕ್ಕೆ ಇಳಿದು ಮಳೆಯವರೆಗೆ ನಿದ್ದೆ ಮಾಡುತ್ತವೆ. ಒಂದೊಂದನ್ನೂ ಹುಡುಕಿ, ತೂಗಿ, ಒಂದು ಹನಿ ರಕ್ತ ತೆಗೆದು, ಚಿಪ್ಪಿನ ಮೇಲೆ ಅಂಕಿ ಬರೆದು, ತೆಗೆದ ಗುಂಡಿಗೇ ಮರಳಿ ಬಿಡುವುದು ಅವಳ ಕೆಲಸ. ಪ್ರತಿ ಗುಂಡಿಗೂ ಒಂದು ಬಟ್ಟೆಯ ಬಾವುಟ. ಊರವರು ಹೂಳು ತೆಗೆಯುವ ಮಶೀನು ತರಿಸುವವರಿದ್ದರು. ಆದರೆ ಬಾವುಟಗಳಿರುವ ಮೂಡಣ ಮೂಲೆಯನ್ನು ಮೇ ಇಪ್ಪತ್ತೈದರವರೆಗೆ ಮುಟ್ಟುವುದಿಲ್ಲವೆಂದು ಪಂಚಾಯ್ತಿ ಮಾತು ಕೊಟ್ಟಿತ್ತು.

ಮರುದಿನ ಗುರುಲಿಂಗ ತಾನಾಗಿಯೇ ಬಂದು ಹಲಗೆ ಹಿಡಿದ. ಅದರ ಮರುದಿನವೂ ಬಂದ. ಅವಳು ಬಾ ಎನ್ನಲಿಲ್ಲ. ಬೇಡ ಎನ್ನಲೂ ಬಾಯಿ ಬರಲಿಲ್ಲ.

ಅವಳ ನೋಟುಬುಕ್ಕಿನ ಬಲಗಡೆಯ ಪುಟ ಕಾಲೇಜಿಗೆ, ಇಂಗ್ಲಿಷಿನಲ್ಲಿ: ತೂಕ, ಉದ್ದ, ಮಣ್ಣಿನ ಬಿಸಿ. ಎಡಗಡೆಯದು ಅವಳಿಗೆ ಮಾತ್ರ, ಕನ್ನಡದಲ್ಲಿ. ಅದನ್ನು ಹಲಗೆಯ ಮೇಲೆ ತೆರೆದಿಡಲು ಅವಳಿಗೆ ಭಯವಿರಲಿಲ್ಲ. ಮಹಾರಾಷ್ಟ್ರದ ಗಡಿಯೊಳಗಿನ ಈ ಊರಲ್ಲಿ ಮನೆಮಾತು ಕನ್ನಡವಾದರೂ ಎಲ್ಲರ ಶಾಲೆ ಮರಾಠಿ.

"ಇದು ಕಾನಡಿ ಏನ್ರೀ?" ಗುರುಲಿಂಗ ಒಮ್ಮೆ ಬಗ್ಗಿ ನೋಡಿದ್ದ. "ಮಾತಾಡ್ಲಿಕ್ಕ ಬರ್ತದ, ಅಕ್ಷರ ಒಂದೂ ಗುರ್ತಿಲ್ಲ. ಏನ್ ಬರ್ದೀರಿ?"

"ಹವಾ ಹೆಂಗದ ಅಂತ."

"ಇಷ್ಟುದ್ದ ಹವಾ?"

ಅವಳ ಕಿವಿ ಬಿಸಿಯಾಯಿತು. ಪೆನ್ನಿನ ಕ್ಯಾಪು ಹುಡುಕಿದಳು.

ಒಂದು ಗುರುವಾರ ಅವನು ಇನ್ನೊಂದು ಮಾತು ಹೇಳಿದ್ದ, ನಗುತ್ತಲೇ. "ಮೊನ್ನಿ ಸಂತ್ಯಾಗ ಒಬ್ಬಾಂವ ಕೇಳ್ಲತ್ತಿದ್ದ ನೋಡ್ರಿ, ನಿಮ್ಮ ಕೆರ್ಯಾಗ ಆಮಿ ಭಾಳ ಅವಂತಲ್ಲ, ಹಿಡದು ಕೊಡ್ತೀ ಏನಂತ. ನಿಮ್ ನಂಬರ್ ಕೊಟ್ಟಿರ್ರಿ, ಏನರ ಆದ್ರ ಫೋನ್ ಮಾಡ್ತೀನಿ."

"ನಾ ದಿನಾ ಬರ್ತೀನಲ್ಲ..." ಎಂದು ಅವಳು ತಲೆ ತಗ್ಗಿಸಿದ್ದಳು.

ಮರುದಿನ ರಕ್ತದ ಮಾದರಿಗಳನ್ನು ಕಾಲೇಜಿನ ಮೇಡಂಗೆ ಒಪ್ಪಿಸಲು ಉದಗೀರಕ್ಕೆ ಹೋದಳು. ಸೋಮವಾರ ಮರಳಿ ಬಂದಾಗ ಮೂಡಣ ಮೂಲೆ ಇರಲಿಲ್ಲ.

ಅಲ್ಲಿ ಒಂದು ಗುಂಡಿಯಿತ್ತು. ಗೋಡೆಯುದ್ದಕ್ಕೂ ಮಶೀನಿನ ಹಲ್ಲಿನ ಗೀರುಗಳು. ಬಾವುಟಗಳು ಚಕ್ರದಡಿ ನಜ್ಜುಗುಜ್ಜಾಗಿದ್ದವು. ಬರಿಗೈಯಿಂದ ಮಣ್ಣು ಕೆದಕಿದಳು. ಒಂದೂ ಇಲ್ಲ. ಅಂಕಿ ಬರೆದು ಬಿಟ್ಟಿದ್ದ ಹನ್ನೊಂದರಲ್ಲಿ ಒಂದೂ ಇಲ್ಲ.

ದಂಡೆಯಲ್ಲಿ ಆಡು ಮೇಯಿಸುತ್ತಿದ್ದ ಭಾಗೀರಥಿಬಾಯಿ ಕೂಗಿ ಹೇಳಿದಳು: "ನಿಮ್ ಆಮಿ ಏನವ್ವ? ಗುರುಲಿಂಗ ಗೋಣಿಚೀಲದಾಗ ತುಂಬ್ಕೊಂಡು ಒಯ್ದಾನ. ನಾನೇ ನೋಡೀನಿ."

ಗುರುಲಿಂಗನೇ? ಗೋಣಿಚೀಲದಲ್ಲಿ?

ಸಂತೆಯವನ ಮಾತು ನೆನಪಾಯಿತು. ಅದಕ್ಕೇ ದಿನಾ ಬರುತ್ತಿದ್ದನೇ? ಅದಕ್ಕೇ ಒಂದೊಂದು ಗುಂಡಿಯನ್ನೂ ಅಷ್ಟು ಗಮನವಿಟ್ಟು ನೋಡುತ್ತಿದ್ದನೇ?

ಅವನ ಹೊಲ ಕೂಗಳತೆಯಲ್ಲಿತ್ತು. ಹೋಗಿ ಮುಖ ನೋಡಿ ಕೇಳಬಹುದಿತ್ತು. ಆದರೆ ಎದುರಿಗೆ ನಿಂತು ಕೇಳುವುದು ಅವಳಿಗೆ ಯಾವತ್ತೂ ಆಗದ ಕೆಲಸ. ಬರೆಯುವುದು ಸುಲಭ. ಅನುಮತಿ ಪತ್ರ ನೋಡಲು ಬಂದಿದ್ದ ಅರಣ್ಯ ರಕ್ಷಕ ಶಿವರಾಯ, ಒಂದು ಆಮೆ ಕಾಣೆಯಾದರೂ ಮೆಸೇಜ್ ಹಾಕಿ ಎಂದಿದ್ದ. ಮರಾಠಿಯಲ್ಲಿ ಒತ್ತಿದಳು: ಹನ್ನೊಂದು ಆಮೆ. ಗೋಣಿಚೀಲ. ಗುರುಲಿಂಗ, ದಾಳಿಂಬ.

ಒಂದು ತಾಸಿನೊಳಗೆ ಶಿವರಾಯನ ಬೈಕು ಬಂತು.

ಗುರುಲಿಂಗ ತನ್ನ ಹೊಲದ ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಅವಳನ್ನು ಕಂಡದ್ದೇ ಎದ್ದು ನಿಂತ. ಅವನ ಮುಖ ಅರಳಿತು.

"ಬಂದ್ರೇನು? ಹನ್ನೊಂದೂ ಅವ್ರಿ. ಒಂದೂ ಹೋಗಿಲ್ಲ."

ಆಮೇಲೆ ಅವಳ ಹಿಂದೆ ಖಾಕಿ ಅಂಗಿ ಕಂಡಿತು.

ಶಿವರಾಯ ಬಾವಿಯೊಳಗೆ ಇಣುಕಿ ಫೋಟೊ ತೆಗೆದ. ಸಿಮೆಂಟಿನ ನುಣ್ಣನೆಯ ಗೋಡೆ, ತಳದಲ್ಲಿ ಸೊಂಟದಷ್ಟು ನೀರು. ಒಂದು ಆಮೆ ಗೋಡೆ ಹತ್ತಲು ನೋಡಿ ಜಾರಿ ಬಿದ್ದಿತು. ಮತ್ತೆ ಹತ್ತಿತು, ಮತ್ತೆ ಜಾರಿತು.

"ಯಾರು ಹೇಳಿದ್ರು ತೆಗೀಲಿಕ್ಕ?" ಶಿವರಾಯ ಕೇಳಿದ.

"ಯಾರೂ ಹೇಳಿಲ್ರೀ. ಮಶೀನಿನಾಂವ ಶನಿವಾರನೇ ಬಂದ. ಸೋಮವಾರದಿಂದ ನಿಲಂಗಾದಾಗ ಕೆಲಸ ಅದ ಅಂತ ಬಾವುಟ ಕಿತ್ತೊಗದ. ನಾ ಮಶೀನಿನ ಬಕೀಟಿನ ಮುಂದ ಅಡ್ಡ ಕುಂತೆ. ಅರ್ಧ ತಾಸು ಕೊಟ್ಟ. ಸಲಿಕಿ ಹಾಕಿದ್ರ ಚಿಪ್ಪು ಒಡೀತದಂತ ಕೈಲೇ ಅಗದೆ. ಇವ್ರಿಗಿ ಹೇಳ್ಬೇಕಂದ್ರ ನಂಬರ್ ಇಲ್ಲ."

ಭುವನೇಶ್ವರಿ ಅವನ ಕೈ ನೋಡಿದಳು. ಆ ಬಟ್ಟೆಯ ಕೆಳಗೆ ಏನಿದೆಯೆಂದು ಈಗ ತಿಳಿಯಿತು.

"ನಮ್ ಮನ್ಯಾಗ ಹೊಸಾ ಬಾವಿ ತೋಡಿದ್ರ ಮೊದಲು ಆಮಿ ಬಿಡ್ತಾರ, ಸಾಹೇಬ," ಎಂದಳು ಸದ್ದು ಕೇಳಿ ಬಂದ ಅವನ ಅಜ್ಜಿ ಶೇವಂತಾಬಾಯಿ. "ನೀರು ಚೊಕ್ಕ ಇರ್ತದ. ಇದ್ರಾಗ ಕಳವು ಏನ್ ಬಂತು?"

"ಆಜಿ, ಹುಲಿಗಿ ಯಾವ ಕಾಯ್ದೆನೋ ಇದಕ್ಕೂ ಅದೇ ಕಾಯ್ದೆ. ಮೂರು ವರ್ಷಕ್ಕ ಕಡಿಮಿ ಇಲ್ಲ. ಚೀಲದಾಗ ಹಿಡದವ್ರೆಲ್ಲ ಉಳಸ್ಲಿಕ್ಕೇ ಒಯ್ದೀವಿ ಅಂತಾರ."

ಅಜ್ಜಿ ಕಟ್ಟೆ ಹಿಡಿದು ಕೂತುಬಿಟ್ಟಳು.

"ಯಾರು ದೂರು ಕೊಟ್ಟಾರ್ರೀ?" ಗುರುಲಿಂಗ ಕೇಳಿದ.

ಶಿವರಾಯ ಪೆನ್ನು ತೆಗೆದ. ಅವನ ಕಣ್ಣು ಭುವನೇಶ್ವರಿಯ ಕಡೆ ಹೊರಳಿತು. ಗುರುಲಿಂಗನ ಕಣ್ಣೂ ಅದರ ಹಿಂದೆಯೇ ಹೋಯಿತು.

"ನೀವೇನ್ರೀ?"

ಅವಳು ಹೌದೆಂದು ತಲೆಯಾಡಿಸಿದಳು.

"ಒಂದ್ ಸಲ ನನ್ನ ಕೇಳ್ಬೇಕಿತ್ತು," ಎಂದನಷ್ಟೇ. ಆಮೇಲೆ ಅವಳ ಕಡೆ ನೋಡಲಿಲ್ಲ.

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ...

"ತಪ್ಪು ನಂದು," ಎಂದಳು ಶಿವರಾಯನಿಗೆ. "ಮೆಸೇಜ್ ಅಳಿಸಿಬಿಡ್ರಿ."

"ಅದು ಉಮರ್ಗಾ ಆಫೀಸಿಗಿ ಹೋಗಿ ಮುಟ್ಯದ. ಈಗ ಒಂದೇ ದಾರಿ. ನಿಮ್ ಅನುಮತಿ ಪತ್ರದಾಗ ಸಹಾಯಕರು ಆಮಿ ಮುಟ್ಟಬಹುದು ಅಂತದ, ದಿನದಿನದ ಪುಸ್ತಕದಾಗ ಹೆಸರಿದ್ರ. ಇವನ ಹೆಸರು ಅದ ಏನು?"

ಅವಳು ನೋಟುಬುಕ್ಕು ತೆರೆದಳು. ಬಲಗಡೆಯ ಪುಟಗಳನ್ನು ಒಂದೊಂದಾಗಿ ತಿರುವಿದಳು. ಎಲ್ಲೂ ಇಲ್ಲ. ಮೇಡಂ ಕೇಳಿದರೆ ಯಾರೆಂದು ಹೇಳಲಿ ಎಂಬ ಸಂಕೋಚದಿಂದ ಒಂದು ದಿನವೂ ಬರೆದಿರಲಿಲ್ಲ.

"ಎಡಗಡಿ ಏನದ?"

"ಅದು... ನನ್ನ ಸ್ವಂತದ್ದು."

"ತಾರೀಖು ಅದ. ಇವನ ಹೆಸರು?"

ಅವಳು ಪುಟ ನೋಡಿದಳು. ಹಿಂದಿನದನ್ನು ನೋಡಿದಳು. "ಅದ."

"ಹಂಗಾದ್ರ ಓದ್ರಿ. ಕಾನಡಿ ಕೇಳಿದ್ರ ತಿಳೀತದ, ನನಗ ಓದ್ಲಿಕ್ಕ ಬರಂಗಿಲ್ಲ. ನಾ ಮರಾಠಿದಾಗ ಬರಕೋತೀನಿ."

ಅಷ್ಟರಲ್ಲಿ ಭಾಗೀರಥಿಬಾಯಿಯೂ ಅಕ್ಕಪಕ್ಕದ ಹೊಲದವರೂ ಬಂದು ನಿಂತಿದ್ದರು. ಪುಸ್ತಕ ಮುಚ್ಚಿದರೆ ತನ್ನ ಗುಟ್ಟು ಉಳಿಯುತ್ತದೆ. ಆದರೆ ಗುರುಲಿಂಗ ಅರಣ್ಯ ಇಲಾಖೆಯ ಜೀಪು ಹತ್ತಬೇಕಾಗುತ್ತದೆ.

ಭುವನೇಶ್ವರಿ ಓದಿದಳು.

"ಎರಡನೇ ಮೇ. ಗುರುಲಿಂಗ ಹಲಗೆ ಹಿಡಿದರು. ಮೂರನೇ ಆಮೆಯನ್ನು ತಕ್ಕಡಿಗೆ ಇಟ್ಟವರು ಅವರೇ. ನಾಲ್ಕನೇ ಮೇ. ಗುರುಲಿಂಗ ಗೋಣಿ ನೆನೆಸಿ ಆಮೆಗೆ ಹೊದಿಸಿದರು."

ಅಲ್ಲಿಗೆ ಓದು ನಿಲ್ಲಿಸಿದಳು. ಶಿವರಾಯನ ಪೆನ್ನು ಪುಟಕ್ಕೆ ಬಡಿಯಿತು. "ಕೆಳಗ ಇನ್ನಾ ಮೂರು ಸಾಲು ಅವ."

"ಅದು ಕೆಲಸದ್ದಲ್ಲ."

"ನಾಳಿ ಸಾಹೇಬ್ರು ಬ್ಯಾರೇದವ್ರ ಕಡಿಂದ ಓದಸ್ತಾರ. ನಡುವ ಬಿಟ್ಟದ್ದು ಸಿಕ್ರ ಪೂರಾ ಪುಸ್ತಕ ಸುಳ್ಳು ಅಂತಾರ."

ಅವಳ ದನಿ ಸಣ್ಣಗಾಯಿತು. "ಬಿಸಿಲು ನನ್ನ ಮೇಲೆ ಬೀಳದಂತೆ ಅಡ್ಡ ನಿಂತಿದ್ದರು. ತಮಗೇನೂ ಗೊತ್ತಿಲ್ಲವೆಂಬಂತೆ ಟ್ರ್ಯಾಕ್ಟರಿನ ಕಡೆ ನೋಡುತ್ತಿದ್ದರು. ನೆರಳು ಸರಿದಂತೆ ತಾವೂ ಸರಿಯುತ್ತಿದ್ದರು, ಎರಡು ತಾಸು."

ಯಾರೋ ಕೆಮ್ಮಿದರು.

"ಇದು ಆಮಿ ಲೆಕ್ಕ ಏನವ್ವ?" ಎಂದಳು ಭಾಗೀರಥಿಬಾಯಿ.

"ಸುಮ್ಕಿರು ನೀ. ಓದ್ಲಿ ಆಕಿ," ಶೇವಂತಾಬಾಯಿ ಗದರಿದಳು.

ಗುರುಲಿಂಗ ನೆಲ ನೋಡುತ್ತಿದ್ದ. ಅವಳು ಒಂದೊಂದೇ ದಿನ ಓದುತ್ತ ಹೋದಳು. ಕೊನೆಯ ಪುಟಕ್ಕೆ ಬಂದಾಗ ಅಕ್ಷರಗಳು ಮಂಜಾಗಿದ್ದವು.

"ಹದಿನಾಲ್ಕನೇ ಮೇ. ಅವರು ನಂಬರ್ ಕೇಳಿದರು. ಕೊಡಲಿಲ್ಲ. ಕೊಟ್ಟರೆ ಫೋನು ರಿಂಗಣಿಸುವುದನ್ನೇ ಕಾಯುತ್ತ ಕೂರುತ್ತೇನೆಂದು ಹೆದರಿಕೆ. ನಾಳೆಯಿಂದ ಮೂರು ದಿನ ಉದಗೀರದಲ್ಲಿ. ಕೆರೆ ಬಿಟ್ಟು ಇರಬಲ್ಲೆ. ಅವರನ್ನು ಬಿಟ್ಟು... ಗೊತ್ತಿಲ್ಲ."

ಬಾವಿಯೊಳಗೆ ಆಮೆ ಮತ್ತೊಮ್ಮೆ ಜಾರಿ ಬಿದ್ದ ಸದ್ದು ಕೇಳಿತು.

ಶಿವರಾಯ ಗಂಟಲು ಸರಿಮಾಡಿಕೊಂಡ. "ಸಹಾಯಕ ಗುರುಲಿಂಗ, ಎರಡನೇ ಮೇದಿಂದ ದಿನಾಲು ಹಾಜರ್. ಇಷ್ಟು ಬರಕೊಂಡೀನಿ. ಉಳದದ್ದು ಮರಾಠಿಗಿ ಬರಂಗಿಲ್ಲ." ಪೆನ್ನು ಜೇಬಿಗೆ ಸಿಕ್ಕಿಸಿದ. "ಇದು ಸಾಕು, ಕೇಸ್ ನಿಲ್ಲಂಗಿಲ್ಲ. ಆದ್ರ ಹನ್ನೊಂದೂ ಇವತ್ತೇ ನನ್ನ ಕಣ್ಮುಂದ ಕೆರಿಗಿ ಮುಟ್ಬೇಕು."

ಗುರುಲಿಂಗ ಹಗ್ಗ ಹಿಡಿದು ಬಾವಿಗೆ ಇಳಿದ. ಬುಟ್ಟಿ ಮೇಲೆ ಬಂತು. ಅವಳು ಚಿಪ್ಪಿನ ಅಂಕಿ ಓದಿ ಒದ್ದೆ ಗೋಣಿಯಡಿ ಇಟ್ಟಳು. ಮತ್ತೆ ಬುಟ್ಟಿ. ಹತ್ತು. ಹನ್ನೊಂದು. ಕೊನೆಯ ಬುಟ್ಟಿಯ ಅಂಚಿನಲ್ಲಿ ರಕ್ತದ ಕಲೆಯಿತ್ತು.

ಅವಳು ಕಟ್ಟೆಯ ಮೇಲೆ ಬಗ್ಗಿದಳು.

"ಬರಿಯೋದು ನನಗ ಸಸಾರ. ದೂರೂ ಹಂಗೇ ಬರ್ದೆ. ಕೇಳೋದು ಆಗ್ಲಿಲ್ಲ. ತಪ್ಪಾಯ್ತು ನಂದು."

ಗುರುಲಿಂಗ ಕೆಳಗೆ ನೀರಿನಲ್ಲಿ ನಿಂತೇ ಕೇಳಿದ.

"ಮತ್ತೊಮ್ಮೆ ಸಂಶಯ ಬಂದ್ರ?"

"ನಿಮಗೇ ಕೇಳ್ತೀನಿ. ಬೈದು ಕೇಳ್ತೀನಿ."

"ಬೈಲಿಕ್ಕ ಬರ್ತದೇನು ನಿಮಗ?"

"ಕಲೀತೀನಿ."

"ಹಂಗಾದ್ರ ಈಗೇ ಒಂದು ಕೇಳ್ರಿ ನೋಡೋಣ. ಬರೀದೇ, ಬಾಯಿಲೇ."

ಸುತ್ತ ಎಲ್ಲರೂ ಇದ್ದರು. ಶಿವರಾಯ ಬೇಕೆಂದೇ ಆಕಾಶ ನೋಡುತ್ತಿದ್ದ. ಅವಳು ಕಟ್ಟೆಯ ಅಂಚು ಹಿಡಿದಳು. ಓಡಿಹೋಗಬೇಕೆನಿಸಿತು... ಹೋಗಲಿಲ್ಲ.

"ನನ್ನ ಜೋಡಿ ಇರ್ತೀರೇನು?"

"ಎಷ್ಟು ದಿನ? ಮಳಿ ಬರೋ ತನಕ?"

"ಅಲ್ಲ."

"ಮತ್ತ?"

"ಕಡೀತನಕ."

ಅವನು ತಲೆಯೆತ್ತಿ ನೋಡಿದ. ಅಷ್ಟು ಆಳದಿಂದಲೂ ಅವನ ನಗು ಕಂಡಿತು.

"ಹಂಗಾದ್ರ ಮ್ಯಾಲ ಎಳಕೋರಿ. ಕೈ ಭಾಳ ಉರೀಲತ್ಯಾವ."

ಅವಳು ಹಗ್ಗಕ್ಕೆ ಎರಡೂ ಕೈ ಹಾಕಿದಳು. ಅವಳ ಹಿಂದೆ ಶೇವಂತಾಬಾಯಿ ಸೆರಗು ಸಿಕ್ಕಿಸಿಕೊಂಡು ನಿಂತಳು.

"ಬಿಡಬ್ಯಾಡವ್ವ."

"ಬಿಡಂಗಿಲ್ರೀ, ಆಯಿ."