ಬರೀ ನೀರಿನ ಗುಂಪು

ಇಲಿಯಮ್ಮನ ಜೊತೆ ಗೂಬೆ ಮಾತು ಬಿಟ್ಟು ಕೆಲವು ವಾರಗಳಾಗಿದ್ದವು. ಲ್ಯಾಬಿನಲ್ಲಿ ಮರಿ ಇಲಿಗಳನ್ನು ನೋಡಿಕೊಳ್ಳುವುದರಿಂದ ಅವಳಿಗೆ ಆ ಹೆಸರು. ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣು ಕೀಲಿಸಿ ಕೂರುವುದರಿಂದ ಅವನಿಗೆ ಈ ಹೆಸರು. ಗೂಬೆಯೂ ಇಲಿಯೂ ಒಂದೇ ಡಬ್ಬಿಯಲ್ಲಿ ಊಟ ಮಾಡುವುದನ್ನು ನೋಡಿ ನಕ್ಕವರೆಲ್ಲ, ಈಗ ಅವನಿಗೆ ಬೇರೆ ಯಾರೋ ಸಿಕ್ಕಿರಬೇಕೆಂದು ಪಿಸುಗುಡುತ್ತಿದ್ದರು. ಅವಳಿಗೂ ಹಾಗೇ ಅನ್ನಿಸಿ ಹೊಟ್ಟೆಗೆ ಬೆಂಕಿ ಬಿದ್ದಿತ್ತು.

ಅವರ ಕೆಲಸವೇನೂ ಚೆಂದದ್ದಲ್ಲ. ಕಣ್ಣು ತೆರೆಯದ ಮರಿಗಳನ್ನು ಅವಳು ದಿನವೂ ಕೆಲವು ಗಂಟೆ ತಾಯಿಯಿಂದ ದೂರ ಇಡಬೇಕು. ಹಾಗೆ ಬೆಳೆದವು ದೊಡ್ಡವಾದ ಮೇಲೆ ಮೂಲೆ ಹಿಡಿಯುತ್ತವೆ, ಸಕ್ಕರೆ ನೀರನ್ನೂ ಮೂಸುವುದಿಲ್ಲ. ಅರ್ಧದಷ್ಟಕ್ಕೆ ಖಿನ್ನತೆಯ ಔಷಧಿ ಬೆರೆಸಿದ ನೀರು, ಉಳಿದವಕ್ಕೆ ಬರೀ ನೀರು. ಕೊನೆಗೆ ಎರಡು ಗುಂಪನ್ನೂ ಕೊಂದು, ಮಿದುಳಿನಲ್ಲಿ ಹೊಸ ನರಕೋಶ ಚಿಗುರಿದೆಯೇ ಎಂದು ಅವನು ನೋಡುತ್ತಾನೆ. ಔಷಧಿ ಕುಡಿದವುಗಳಲ್ಲಿ ಹೆಚ್ಚಾಗಿ ಚಿಗುರಿರುತ್ತದೆ.

ಅವನೂ ಅಂಥದ್ದೇ ಮರಿ. ತಾಯಿ ಆಸ್ಪತ್ರೆ ಸೇರಿದ್ದರಿಂದ ಕಂಡವರ ಮನೆಯಲ್ಲಿ ಬೆಳೆದವನು, ಮಾತ್ರೆಯ ಬಲದಿಂದ ಎದ್ದು ಓಡಾಡುವವನು. ಅದನ್ನು ಅವಳೊಬ್ಬಳಿಗೇ ಹೇಳಿದ್ದ.

ಆ ಸಂಜೆ ಚೆನ್ನಾಗಿ ಬಯ್ಯಬೇಕೆಂದೇ ಅವಳು ಅವನ ಕೋಣೆಗೆ ಹೋದಳು. ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. ಮೈಮೇಲಿನ ಅಂಗಿ ಬೇರೆಯವರದೇನೋ ಅನ್ನುವಷ್ಟು ಇಳಿದುಹೋಗಿದ್ದ. ಬಯ್ಯುವುದನ್ನು ಬಿಟ್ಟು ಏನಾಯಿತೆಂದು ಕೇಳಿದಳು.

ಮಾತ್ರೆ ನಿಲ್ಲಿಸಿದ್ದೇನೆ ಎಂದ. ಅವಳ ಮೇಲಿನ ಪ್ರೀತಿ ತನ್ನದೋ ಮಾತ್ರೆಯದೋ ಗೊತ್ತಾಗಬೇಕಿತ್ತಂತೆ. ಮಹಾರಾಯ ತನ್ನನ್ನೇ ಬರೀ ನೀರಿನ ಗುಂಪಿಗೆ ಸೇರಿಸಿಕೊಂಡಿದ್ದ.

"ಏನು ಗೊತ್ತಾಯ್ತು?"

"ಏನೂ ಇಲ್ಲ. ಈಗ ನೀನು ಬಂದೆಯಲ್ಲ, ಆಗ್ಲೂ ಏನೂ ಅನ್ನಿಸ್ಲಿಲ್ಲ. ಬೆಳಿಗ್ಗೆ ತಾರಸಿ ಅಂಚಲ್ಲಿ ಹೋಗಿ ನಿಂತಿದ್ದೆ."

ಅವಳು ಹತ್ತಿರ ಹೋಗಿ ಕೂತಳು. ಅವನ ಕೈ ಹಿಡಿದಳು. ಆ ಕೈ ಸುಮ್ಮನೆ ಬಿದ್ದಿತ್ತು. ಇನ್ನೊಂದು ಕೈಯಲ್ಲೇ ಅವನ ಡಾಕ್ಟರಿಗೆ ಫೋನ್ ಮಾಡಿದಳು. ಒಂಟಿಯಾಗಿ ಬಿಡಬೇಡಿ, ಈಗಲೇ ಕರೆತನ್ನಿ ಎಂದರು ಅವರು.

ಪರೀಕ್ಷೆ ಮುಗಿದ ಮೇಲೆ, ಆಸ್ಪತ್ರೆಯ ಬೆಂಚಿನಲ್ಲಿ ಡಾಕ್ಟರು ಮತ್ತೆ ಕೊಟ್ಟ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಅವನು ಬಹಳ ಹೊತ್ತು ಕೂತ. ಅದು ಕೆಲಸ ಮಾಡಲು ವಾರಗಳೇ ಹಿಡಿಯುತ್ತವೆ ಎಂದು ಇಬ್ಬರಿಗೂ ಗೊತ್ತಿತ್ತು.

"ಗುಣವಾದ್ಮೇಲೂ ನಿನ್ ಮೇಲೆ ಪ್ರೀತಿ ಬರ್ದೇ ಹೋದ್ರೆ?"

"ಬದುಕಿರ್ತೀಯಲ್ಲ, ಅಷ್ಟು ಸಾಕು," ಎಂದಳು. ಬಾಯಿಂದ ಬಿದ್ದ ಕೂಡಲೇ ಅದು ಶುದ್ಧ ಸುಳ್ಳೆಂದು ಅವಳಿಗೇ ಅನ್ನಿಸಿತು. ಕಣ್ಣೊರೆಸಿಕೊಂಡು ನೀರಿನ ಲೋಟ ಮುಂದೆ ಹಿಡಿದಳು.

"ಸಾಕಾಗಲ್ಲ ಕಣೋ. ಆದ್ರೂ ನುಂಗು."

ಅವನು ನುಂಗಿದ.