ಖಾಲಿ ಕೋಣೆಯ ವರದಿ

ಬೆಳಿಗ್ಗೆ 10.15ಕ್ಕೆ ಠಾಣೆಗೆ ದೂರು ಬಂತು. ದಾಖಲೆ ಕಚೇರಿಯ ಮೂರನೇ ಮಹಡಿಯ ಚಾವಣಿಯಿಂದ ಒಂಬತ್ತು ಸೆನ್ಸರ್ ಮಾಯ. ಬೆಂಕಿಪೊಟ್ಟಣದಷ್ಟು ಡಬ್ಬಿಗಳು, ಯಾರಾದರೂ ಅಲುಗಾಡಿದರೆ ದೀಪ, ಏಸಿ ಹಾಕುತ್ತವೆ, ಹತ್ತು ನಿಮಿಷ ಅಲುಗಾಟ ಕಾಣದಿದ್ದರೆ ಆರಿಸಿ, ಕೋಣೆ ಖಾಲಿಯೆಂದು ತಂತಿಯಿಲ್ಲದೆಯೇ ಮ್ಯಾನೇಜರ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತವೆ. ಕರೆಂಟು ಉಳಿಸಲು ಹಾಕಿಸಿದ್ದು ಎಂದರು ಮ್ಯಾನೇಜರು. ಇನ್‌ಸ್ಪೆಕ್ಟರ್ ಎಫ್‌ಐಆರ್ ಬರೆಸಿ, ನೋಯುವ ಮಂಡಿ ಹಿಡಿದುಕೊಂಡು ಎದ್ದರು. ನಿವೃತ್ತಿಗೆ ಏಳು ತಿಂಗಳಿರುವಾಗ ಡಬ್ಬಿ ಹುಡುಕುವ ಕರ್ಮ ಬಂದಿತ್ತು.

ಕಚೇರಿಯ ಲಿಫ್ಟ್ ಕೆಟ್ಟಿತ್ತು. 11.20ಕ್ಕೆ ಪಂಚರಿಬ್ಬರನ್ನು ನಿಲ್ಲಿಸಿಕೊಂಡು ಪಂಚನಾಮೆ ಶುರುಮಾಡಿದರು. ಕಾನ್‌ಸ್ಟೇಬಲ್ ಏಣಿ ಹತ್ತಿ ಚಾವಣಿ ಸವರಿದ.

"ಸರ್, ಸ್ಕ್ರೂ ತೂತೇ ಇಲ್ಲ."

ಇನ್‌ಸ್ಪೆಕ್ಟರ್ ಗೊಣಗುತ್ತಲೇ ಹತ್ತಿ ನೋಡಿದರು. ತೂತುಗಳಿದ್ದವು. ಒಂದೊಂದರ ಮೇಲೂ ತೆಳು ಕಾಗದದ ತೇಪೆ, ಅಂಚು ಬೆರಳಿಗೆ ಸಿಗದಷ್ಟು ನಯ. ಮೂಸಿದರೆ ಮೈದಾ ಅಂಟು. ಕದ್ದವರು ತೂತು ಮುಚ್ಚಿ ಹೋದದ್ದನ್ನು ಅವರು ಇಷ್ಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಇಲ್ಲಿ ಅಂಟು ಕಾಯಿಸುವವರು ಯಾರೆಂದು ಕೇಳಿದ್ದಕ್ಕೆ ಜವಾನ ಕೊನೆಯ ಕೋಣೆ ತೋರಿಸಿದ. ಹರಿದ ಕಡತಗಳಿಗೆ ತೇಪೆ ಹಾಕುವ ಹೆಂಗಸು, ಇಡೀ ಕಚೇರಿಗೆ ಅಂಟಕ್ಕ. ಮುಟ್ಟಿದರೆ ಪುಡಿಯಾಗುವಂಥ ಹಾಳೆಯ ಮೇಲೆ ಬಗ್ಗಿ, ಉಸಿರು ಬಿಗಿಹಿಡಿದು ಕೂತಿದ್ದರು. ಕಾನ್‌ಸ್ಟೇಬಲ್ ಎರಡು ಸಲ ಕೆಮ್ಮಿದರೂ ಅಲುಗಲಿಲ್ಲ. ಹಾಳೆ ಕೂಡಿಕೊಂಡ ಮೇಲೆ ತಲೆಯೆತ್ತಿದರು.

"ಡಬ್ಬಿ ಎಲ್ಲಿ, ಅಕ್ಕಾ?" ಇನ್‌ಸ್ಪೆಕ್ಟರ್ ಕೇಳಿದರು.

"ಕೆಳಗಿನ ಡ್ರಾಯರಲ್ಲಿ. ಒಂಬತ್ತೂ ಇವೆ."

"ಯಾಕೆ ತೆಗೆದ್ರಿ?"

ಆಕೆ ಕಳೆದ ವಾರ ಬಂದ ಆದೇಶವನ್ನು ಮುಂದಿಟ್ಟರು. ಸೆನ್ಸರ್ ವರದಿಯಂತೆ ಈ ಕೋಣೆ ದಿನಕ್ಕೆ ಆರು ಗಂಟೆ ಖಾಲಿ. ತಿಂಗಳ ಕೊನೆಗೆ ಕೋಣೆಗೆ ಬೀಗ, ಹುದ್ದೆ ರದ್ದು.

"ಅಲುಗಾಡಿದ್ರೆ ಹಾಳೆ ಹರಿಯುತ್ತೆ, ಅಲುಗಾಡದಿದ್ರೆ ದೀಪ ಆರುತ್ತೆ. ನಾನಿದೀನಿ ಅಂತ ಕೈ ಬೀಸಿ ಬೀಸಿ ಸಾಕಾಯ್ತು ಸರ್. ಕಿಟಕಿ ಬೆಳಕಲ್ಲೇ ಕೂತು ಮಾಡ್ತಿದ್ದೆ. ಅದು ಖಾಲಿ ಅಂತ ಬರ್ಕೊಂಡಿದೆ. ಇಪ್ಪತ್ತಾರು ವರ್ಷದಿಂದ ಇದೇ ಕುರ್ಚೀಲಿದೀನಿ."

ತಮ್ಮ ಕೋಣೆಯದೊಂದನ್ನೇ ತೆಗೆದರೆ ಯಾರೆಂದು ಗೊತ್ತಾಗುತ್ತದೆಂದು ಒಂಬತ್ತನ್ನೂ ತೆಗೆದರಂತೆ.

"ಸರಿ, ತೂತು ಯಾಕೆ ಮುಚ್ಚಿದ್ರಿ? ಅದರಿಂದಲೇ ಸಿಕ್ಕಿಬಿದ್ರಲ್ಲ."

"ಹಾಗೇ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ."

ಇನ್‌ಸ್ಪೆಕ್ಟರ್ ಆ ಆದೇಶವನ್ನು ಮತ್ತೊಮ್ಮೆ ಓದಿದರು. ಆದರೂ ಕದ್ದದ್ದು ಕದ್ದದ್ದೇ. ಮಹಿಳಾ ಪೇದೆಯನ್ನು ಕರೆಸಿ 12.50ಕ್ಕೆ ಬಂಧನ ದಾಖಲಿಸಿದರು. ಅಂಟಕ್ಕ ಅಂಟಿನ ಬಟ್ಟಲಿಗೆ ಮುಚ್ಚಳ ಮುಚ್ಚಿ ಹೊರಟರು. ಪಂಚರ ಸಹಿಗೆ ಮುಂಚೆ ಇನ್‌ಸ್ಪೆಕ್ಟರ್ ಪೆನ್ನು ಇಸಿದುಕೊಂಡು, ಪಂಚನಾಮೆಯ ಕೊನೆಗೆ ಕೈಯಾರೆ ಒಂದು ಸಾಲು ಸೇರಿಸಿದರು: ನಾವು ಒಳಹೋದಾಗ ಕೋಣೆಯಲ್ಲಿ ಒಬ್ಬರು ಕೂತು ಕೆಲಸ ಮಾಡುತ್ತಿದ್ದರು.